ವೇಳಾಪಟ್ಟಿ ಯಾರ ಕೈಯಲ್ಲಿ? ಅಮೆರಿಕದ ಕಾಲೇಜು ಕ್ರೀಡೆ ಮತ್ತು ಶಿಕ್ಷಣದ ಗುರಿ

1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರ್‌ನ ವಿನ್ನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ವಿದ್ಯಾರ್ಥಿಗಳು ದೋಣಿ ಪಂದ್ಯದಲ್ಲಿ ಸೆಣಸಿದರು. ಅಮೆರಿಕದ ಅಂತರಕಾಲೇಜು ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಶುರುಮಾಡುತ್ತಾರೆ. ಪಂದ್ಯದ ಯೋಚನೆ ಮುಂದಿಟ್ಟು ಖರ್ಚು ಹೊತ್ತದ್ದು ಆ ಭಾಗದ ರೈಲು ಕಂಪನಿ. ನೋಡಲು ಜನ ಬಂದರೆ ಟಿಕೆಟು ಮಾರಾಟವಾಗುತ್ತದೆ ಎಂಬುದು ಕಂಪನಿಯ ಲೆಕ್ಕ. ಹಾಗಾಗಿ ವ್ಯಾಪಾರ ಕಾಲೇಜು ಕ್ರೀಡೆಗೆ ಆಮೇಲೆ ಅಂಟಿದ ರೋಗವಲ್ಲ, ಹುಟ್ಟಿನಿಂದಲೇ ಜೊತೆಗಿತ್ತು ಎಂದು ಇತಿಹಾಸಕಾರರು ತೋರಿಸುತ್ತಾ ಬಂದಿದ್ದಾರೆ. ಅದು ಸರಿ. ಆದರೆ ಆ ಪಂದ್ಯದಲ್ಲಿ ಹೆಚ್ಚು ಚರ್ಚೆಯಾಗದ ಇನ್ನೊಂದು ಅಂಶವಿದೆ. ಅದು ನಡೆದದ್ದು ಕಾಲೇಜುಗಳ ರಜೆಯಲ್ಲಿ. ರೈಲು ಕಂಪನಿಗೆ ಲಾಭವಾಯಿತು, ಹುಡುಗರಿಗೆ ವಿಹಾರವಾಯಿತು, ಪಾಠ ಮಾತ್ರ ಒಂದೂ ತಪ್ಪಲಿಲ್ಲ.

ಕ್ರೀಡೆ ಶಿಕ್ಷಣದ ಭಾಗವೇ ಎಂಬ ಚರ್ಚೆ ಅಮೆರಿಕದಲ್ಲಿ ನೂರೈವತ್ತು ವರ್ಷಗಳಿಂದ ಹಣ ಮತ್ತು ಶೀಲ ಎಂಬ ಎರಡು ಮಾತುಗಳ ಸುತ್ತ ಸುತ್ತಿದೆ. ಹಣ ಕ್ರೀಡೆಯನ್ನು ಕೆಡಿಸುತ್ತದೆ ಎಂಬುದು ಒಂದು ಪಕ್ಷ. ಕ್ರೀಡೆ ಶೀಲವನ್ನು ಬೆಳೆಸುತ್ತದೆ ಎಂಬುದು ಇನ್ನೊಂದು. ಈ ಲೇಖನ ಮೂರನೆಯ ಒಂದು ಅಳತೆಗೋಲನ್ನು ಮುಂದಿಡುತ್ತದೆ: ಕಾಲ. ವಿದ್ಯಾರ್ಥಿಯ ವಾರದ ಗಂಟೆಗಳ ಮೇಲೆ ಯಾರ ಮಾತು ನಡೆಯುತ್ತದೆ, ತರಗತಿ ಮತ್ತು ಅಭ್ಯಾಸ ಒಂದೇ ಹೊತ್ತಿಗೆ ಬಂದಾಗ ಯಾವುದು ಜಾಗ ಬಿಡುತ್ತದೆ ಎಂಬುದನ್ನು ನೋಡಿದರೆ, ಕ್ರೀಡೆ ಕಾಲೇಜಿನ ಶೈಕ್ಷಣಿಕ ಗುರಿಯ ಒಳಗಿದೆಯೋ ಹೊರಗಿದೆಯೋ ಎಂಬುದು ಘೋಷಣಾಪತ್ರಗಳಿಗಿಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಷಿಕಾಗೊ: ಒಂದೇ ವಿಶ್ವವಿದ್ಯಾಲಯದ ಮೂರು ಉತ್ತರಗಳು

ಈ ಪ್ರಶ್ನೆಗೆ ಷಿಕಾಗೊ ವಿಶ್ವವಿದ್ಯಾಲಯದಷ್ಟು ಒಳ್ಳೆಯ ಅಧ್ಯಯನಕ್ಷೇತ್ರ ಬೇರೊಂದಿಲ್ಲ. ಸಾಧ್ಯವಿರುವ ಎಲ್ಲ ಉತ್ತರಗಳನ್ನೂ ಅದು ಒಂದಾದ ಮೇಲೊಂದರಂತೆ ಪ್ರಯೋಗ ಮಾಡಿ ನೋಡಿತು. 1892ರಲ್ಲಿ ಪಾಠ ಶುರುವಾದಾಗ ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅಮೆರಿಕನ್ ಫುಟ್‌ಬಾಲ್ ತರಬೇತುದಾರನನ್ನು ಪ್ರಾಧ್ಯಾಪಕರ ಸಾಲಿನಲ್ಲಿ ಕೂರಿಸಿದರು. ಆತ ಯೇಲ್‌ನಲ್ಲಿ ಹಾರ್ಪರ್ ಅವರ ಶಿಷ್ಯನೇ ಆಗಿದ್ದ ಏಮೋಸ್ ಅಲಾಂಜೊ ಸ್ಟ್ಯಾಗ್. ದೈಹಿಕ ಶಿಕ್ಷಣಕ್ಕೆಂದೇ ಒಂದು ವಿಭಾಗ, ಅದರ ಮುಖ್ಯಸ್ಥನಿಗೆ ಕಾಯಂ ಹುದ್ದೆ, ಉಳಿದ ಅಧ್ಯಾಪಕರಿಗೆ ಇರುವಷ್ಟೇ ಭದ್ರತೆ. ಸೋತರೆ ಕೆಲಸ ಹೋಗುತ್ತದೆ ಎಂಬ ಭಯ ಇಲ್ಲದಿದ್ದರೆ ತರಬೇತುದಾರ ಶಿಕ್ಷಕನಾಗಿಯೇ ಉಳಿಯುತ್ತಾನೆ ಎಂಬ ನಂಬಿಕೆ ಅದರ ಹಿಂದಿತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇರಲಾರದು.

ಆದರೆ ಹೊಸ ವಿಶ್ವವಿದ್ಯಾಲಯಕ್ಕೆ ಹೆಸರು ಬೇಕಿತ್ತು, ದಾನಿಗಳು ಬೇಕಿದ್ದರು. ಶನಿವಾರದ ಪಂದ್ಯ ಊರಿನ ಸಿರಿವಂತರನ್ನು ಕ್ಯಾಂಪಸ್ಸಿಗೆ ಕರೆತರುತ್ತಿತ್ತು. ಸ್ಟ್ಯಾಗ್ ಅಧ್ಯಾಪಕರಾಗಿದ್ದರೂ ಅವರ ವಿಭಾಗದ ಹಣಕಾಸು ಬಹುಮಟ್ಟಿಗೆ ಅವರ ಕೈಯಲ್ಲೇ ಇತ್ತು. ಅಧ್ಯಕ್ಷರ ಬೆಂಬಲ ನೇರವಾಗಿ ಸಿಗುತ್ತಿದ್ದುದರಿಂದ ಸಹೋದ್ಯೋಗಿಗಳ ಪ್ರಶ್ನೆಗಳಿಗೆ ಉತ್ತರಿಸುವ ಅಗತ್ಯ ಅವರಿಗೆ ಅಷ್ಟಾಗಿ ಬೀಳಲಿಲ್ಲ. 1905ರಲ್ಲಿ ಮಿಷಿಗನ್ ತಂಡವನ್ನು 2-0 ಅಂತರದಲ್ಲಿ ಸೋಲಿಸಿ ಅದರ ವರ್ಷಗಟ್ಟಲೆಯ ಅಜೇಯ ಓಟವನ್ನು ಷಿಕಾಗೊ ಮುರಿಯಿತು. ಆ ತಂಡದ ತಾರೆ ವಾಲ್ಟರ್ ಎಕರ್ಸಾಲ್ ದೇಶಕ್ಕೆಲ್ಲ ಹೆಸರಾದ. ಆಡುವ ಅವಧಿ ಮುಗಿದ ಮೇಲೆ ಆತ ಪದವಿ ಪಡೆಯದೆಯೇ ವಿಶ್ವವಿದ್ಯಾಲಯದಿಂದ ಹೊರಬಿದ್ದ. ತರಬೇತುದಾರನಿಗೆ ಪ್ರಾಧ್ಯಾಪಕನ ಹುದ್ದೆ ಕೊಟ್ಟದ್ದು ಈ ವಿದ್ಯಾರ್ಥಿಯನ್ನು ಕಾಪಾಡಲಿಲ್ಲ. ಹುದ್ದೆಯ ಹೆಸರನ್ನು ಬದಲಿಸಿದ ಮಾತ್ರಕ್ಕೆ ವಾರದ ಗಂಟೆಗಳು ಹಂಚಿಕೆಯಾಗುವ ಬಗೆ ಬದಲಾಗುವುದಿಲ್ಲ ಎಂದು ನಾನು ಈ ಪ್ರಕರಣವನ್ನು ಓದುತ್ತೇನೆ.

ಎರಡನೆಯ ಉತ್ತರ ಬಂದದ್ದು ಮುಂದೆ ವಿಶ್ವವಿದ್ಯಾಲಯದ ಅಧ್ಯಕ್ಷರಾದ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅವರಿಂದ. ನಿವೃತ್ತಿ ವಯಸ್ಸು ಮುಟ್ಟಿದ ಸ್ಟ್ಯಾಗ್ ಅವರಿಗೆ ಹಚಿನ್ಸ್ ಅವಧಿ ವಿಸ್ತರಿಸಲಿಲ್ಲ. ಷಿಕಾಗೊದ ಜೇ ಬರ್ವಾಂಗರ್ 1935ರಲ್ಲಿ, ಮುಂದೆ ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿಯನ್ನು ಮೊದಲು ಗೆದ್ದ ಆಟಗಾರ. ಅದಾಗಿ ನಾಲ್ಕು ವರ್ಷಕ್ಕೆ, 1939ರ ಋತುವಿನಲ್ಲಿ, ಅದೇ ವಿಶ್ವವಿದ್ಯಾಲಯದ ತಂಡ ಮಿಷಿಗನ್ ಎದುರು 85-0, ಹಾರ್ವರ್ಡ್ ಎದುರು 61-0 ಅಂತರದಲ್ಲಿ ಸೋತಿತು. ಓದಿನ ಬಿಗಿಯನ್ನು ಸಡಿಲಿಸದೆ, ಆಟಗಾರರಿಗೆ ಹಣ ಕೊಡದೆ ಆ ಮಟ್ಟದಲ್ಲಿ ಆಡಲು ಆಗುವುದಿಲ್ಲ ಎಂಬುದು ಹಚಿನ್ಸ್ ಅವರ ನಿಲುವು. ಆ ಡಿಸೆಂಬರ್‌ನಲ್ಲಿ ಆಡಳಿತ ಮಂಡಳಿ ಫುಟ್‌ಬಾಲ್ ತಂಡವನ್ನೇ ರದ್ದುಮಾಡಿತು. 1942ರ ಡಿಸೆಂಬರ್ 2ರಂದು ಸ್ಟ್ಯಾಗ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯ ಅಡಿಯಲ್ಲಿ, ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಯಿತು. ಆಟವನ್ನು ಓಡಿಸಿ ವಿದ್ಯೆ ಆ ಜಾಗ ಹಿಡಿದ ಕತೆಯಾಗಿ ಇದನ್ನು ಹೇಳುವವರಿದ್ದಾರೆ. ನನಗೆ ಆ ಓದು ಒಪ್ಪಿಗೆಯಿಲ್ಲ. ಹಚಿನ್ಸ್ ರದ್ದು ಮಾಡಿದ್ದು ಫುಟ್‌ಬಾಲ್ ಅನ್ನು. ಇತರ ಆಟಗಳು, ವಿಶ್ವವಿದ್ಯಾಲಯದೊಳಗಿನ ತಂಡಗಳ ಪಂದ್ಯಗಳು ಮುಂದುವರಿದವು.

ಮೂರನೆಯ ಉತ್ತರವೇ ಹೆಚ್ಚು ಕಲಿಸುವಂಥದ್ದು. 1969ರಲ್ಲಿ ಫುಟ್‌ಬಾಲ್ ಷಿಕಾಗೊಗೆ ಮರಳಿತು. ಈಗ ಅದು ಇರುವುದು ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಮೂರನೇ ವಿಭಾಗದಲ್ಲಿ. ಈ ವಿಭಾಗದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಡುವವನು ಉಳಿದವರಂತೆಯೇ ಪ್ರವೇಶ ಪಡೆಯುತ್ತಾನೆ, ಆಟ ಬಿಟ್ಟರೂ ಅವನ ಸೀಟಿಗೆ, ನೆರವಿಗೆ ಧಕ್ಕೆಯಿಲ್ಲ. ಆಟ ಬಿಡುವ ಈ ಸ್ವಾತಂತ್ರ್ಯ ಬಹು ಮುಖ್ಯವಾದದ್ದು. ತರಬೇತುದಾರ ಕರೆದ ಅಭ್ಯಾಸಕ್ಕೆ ಪ್ರಯೋಗಾಲಯದ ಕಾರಣ ಹೇಳಿ ಬರುವುದಿಲ್ಲ ಎನ್ನಲು ವಿದ್ಯಾರ್ಥಿಗೆ ಸಾಧ್ಯವಾಗುವುದು ಅದರಿಂದ.

ಗಂಟೆಗಳ ಲೆಕ್ಕ

1905ರಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಸಂಭವಿಸಿದ ಸಾವುಗಳು ದೇಶವನ್ನು ಬೆಚ್ಚಿಬೀಳಿಸಿದ್ದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಆ ಬಿಕ್ಕಟ್ಟಿನಿಂದ 1906ರಲ್ಲಿ ಹುಟ್ಟಿದ ಸಂಘವೇ 1910ರಿಂದ ಎನ್‌ಸಿಎಎ ಎಂಬ ಹೆಸರು ಪಡೆಯಿತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಹೋವರ್ಡ್ ಸ್ಯಾವೇಜ್ ನೇತೃತ್ವದ ತಂಡ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಸುತ್ತಿ ವರದಿ ಕೊಟ್ಟಿತು. ಬಹುಪಾಲು ಕಾಲೇಜುಗಳು ಆಟಗಾರರಿಗೆ ಒಂದಲ್ಲ ಒಂದು ಬಗೆಯಲ್ಲಿ ಹಣ ಸಲ್ಲಿಸುತ್ತಿವೆ ಎಂದು ಅದು ಕಂಡುಕೊಂಡಿತು. ಅಂದಿನಿಂದ ಸುಧಾರಣೆ ಎಂದರೆ ಹಣದ ಮೇಲಿನ ನಿಗಾ ಎಂದೇ ಅರ್ಥವಾಯಿತು. ಗಂಟೆಗಳ ಮೇಲೆ ಮಿತಿ ಬರಲು 1991ರವರೆಗೆ ಕಾಯಬೇಕಾಯಿತು.

ಆ ವರ್ಷ ಬಂದ ನಿಯಮದ ಪ್ರಕಾರ ಋತುವಿನಲ್ಲಿ ಕಡ್ಡಾಯ ಕ್ರೀಡಾ ಚಟುವಟಿಕೆ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಓದುಗರು ಈ ನಿಯಮದ ಒಳಗುಟ್ಟನ್ನು ಗಮನಿಸಬೇಕು. ಪಂದ್ಯದ ದಿನ ಎಷ್ಟೇ ಹೊತ್ತು ಹಿಡಿದರೂ ಅದನ್ನು 3 ಗಂಟೆ ಎಂದೇ ಲೆಕ್ಕ ಹಾಕಲಾಗುತ್ತದೆ. ಪ್ರಯಾಣದ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಸ್ವಇಚ್ಛೆಯಿಂದ ಮಾಡುವ ವ್ಯಾಯಾಮವೂ ಬರುವುದಿಲ್ಲ. ಅದು ಎಷ್ಟರ ಮಟ್ಟಿಗೆ ಸ್ವಇಚ್ಛೆ ಎಂಬುದು ತಂಡದಲ್ಲಿ ಜಾಗ ಉಳಿಸಿಕೊಳ್ಳಬೇಕಾದ ಹುಡುಗನಿಗೆ ಗೊತ್ತು. ಎನ್‌ಸಿಎಎ ತಾನೇ ಆಟಗಾರರ ನಡುವೆ ನಡೆಸಿದ ಸಮೀಕ್ಷೆಗಳಲ್ಲಿ ಉನ್ನತ ಮಟ್ಟದ ಫುಟ್‌ಬಾಲ್ ಆಟಗಾರರು ವಾರಕ್ಕೆ 40 ಗಂಟೆಗೂ ಹೆಚ್ಚು ಕಾಲ ಆಟಕ್ಕೆ ಕೊಡುತ್ತಿರುವುದಾಗಿ ಹೇಳಿದ್ದಾರೆ.

ಈ ಗಂಟೆಗಳನ್ನು ಅಧಿಕೃತವಾಗಿ ಎಣಿಸಿದ್ದು ಕಾರ್ಮಿಕ ಕಾನೂನಿಗೆ ಸೇರಿದ ಒಂದು ಪ್ರಕ್ರಿಯೆ ಎಂಬುದು ವಿಶ್ವವಿದ್ಯಾಲಯಗಳು ತಲೆತಗ್ಗಿಸಬೇಕಾದ ಸಂಗತಿ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಕಾರ್ಮಿಕ ಸಂಘ ಕಟ್ಟಲು ಅನುಮತಿ ಕೇಳಿದಾಗ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಪ್ರಾದೇಶಿಕ ನಿರ್ದೇಶಕರು ಆಟಗಾರರ ದಿನಚರಿಯನ್ನು ಗಂಟೆಗಂಟೆಯಾಗಿ ಪರಿಶೀಲಿಸಿದರು. ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆ ಆಟಕ್ಕೇ ಹೋಗುತ್ತದೆ, ಅದು ತರಗತಿಯ ಹೊತ್ತಿಗಿಂತ ಹೆಚ್ಚು ಎಂದು ಕಂಡು, ಆಟಗಾರರು ನೌಕರರೇ ಎಂದು ತೀರ್ಮಾನಿಸಿದರು. ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕೇನ್ ಕೋಲ್ಟರ್ ವೈದ್ಯನಾಗುವ ಆಸೆಯಿಂದ ಬಂದವರು. ಅದಕ್ಕೆ ಬೇಕಾದ ರಸಾಯನಶಾಸ್ತ್ರದ ತರಗತಿ ಬೆಳಗಿನ ಅಭ್ಯಾಸದ ಹೊತ್ತಿಗೆ ಬಂದದ್ದರಿಂದ ಹಿಂದೆ ಬಿದ್ದು, ಕೊನೆಗೆ ಮನಃಶಾಸ್ತ್ರಕ್ಕೆ ಬದಲಾಯಿಸಿಕೊಂಡೆ ಎಂದು ಅವರು ಸಾಕ್ಷ್ಯ ನುಡಿದರು. ನಾರ್ತ್‌ವೆಸ್ಟರ್ನ್ ಸಾಮಾನ್ಯ ವಿದ್ಯಾಸಂಸ್ಥೆಯಲ್ಲ. ಅಲ್ಲಿನ ಆಟಗಾರರಲ್ಲಿ ಪದವಿ ಮುಗಿಸುವವರ ಪ್ರಮಾಣವೂ ಬಹಳ ಮೇಲ್ಮಟ್ಟದ್ದು. ಪದವಿ ಸಿಕ್ಕಿತು, ಓದಲು ಬಂದ ವಿಷಯ ಸಿಗಲಿಲ್ಲ. ಪದವಿ ಪಡೆದವರ ಶೇಕಡಾವಾರು ಅಂಕಿಯನ್ನು ತೋರಿಸಿ ಕ್ರೀಡೆ ಮತ್ತು ಶಿಕ್ಷಣ ಜೊತೆಗೂಡಿವೆ ಎನ್ನುವ ವಾದ ಇಲ್ಲಿ ಕುಸಿಯುತ್ತದೆ. 2015ರಲ್ಲಿ ಮಂಡಳಿ ಈ ಪ್ರಕರಣದಲ್ಲಿ ತನ್ನ ಅಧಿಕಾರ ಚಲಾಯಿಸಲು ನಿರಾಕರಿಸಿದ್ದರಿಂದ ಸಂಘ ರೂಪುಗೊಳ್ಳಲಿಲ್ಲ. ಆದರೆ ಎಣಿಸಿದ ಗಂಟೆಗಳು ದಾಖಲೆಯಲ್ಲಿ ಉಳಿದವು.

ಗಂಟೆಗಳ ಮೇಲೆ ತರಬೇತುದಾರನಿಗಿರುವ ಅಧಿಕಾರಕ್ಕೆ ಹಣವೂ ಪೂರಕವಾಗಿ ಕೆಲಸಮಾಡುವುದುಂಟು. 1973ರಲ್ಲಿ ಎನ್‌ಸಿಎಎ ಕ್ರೀಡಾ ವಿದ್ಯಾರ್ಥಿವೇತನವನ್ನು ವರ್ಷಕ್ಕೊಮ್ಮೆ ನವೀಕರಿಸುವ ಕ್ರಮಕ್ಕೆ ಇಳಿಸಿತು. ಸುಮಾರು ನಾಲ್ಕು ದಶಕ ಇದೇ ನಡೆಯಿತು. ಓದಿನ ಖರ್ಚು ಪ್ರತಿವರ್ಷ ತರಬೇತುದಾರನ ಸಹಿಗೆ ಕಾಯಬೇಕಾದಾಗ ಪ್ರಾಧ್ಯಾಪಕನ ಮಾತಿಗೆ ಎಷ್ಟು ತೂಕವಿರಲು ಸಾಧ್ಯ?

ಉತ್ತರ ಕೆರೊಲಿನಾದ ಪಾಠ

ಆಟ ತನ್ನ ಹೊತ್ತನ್ನು ಬಿಟ್ಟುಕೊಡದಿದ್ದರೆ ಪಾಠವೇ ಆವಿಯಾಗುತ್ತದೆ. ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆದದ್ದು ಅಕ್ಷರಶಃ ಇದು. 1993ರಿಂದ 2011ರವರೆಗೆ ಅಲ್ಲಿನ ಆಫ್ರಿಕನ್ ಮತ್ತು ಆಫ್ರೋ-ಅಮೆರಿಕನ್ ಅಧ್ಯಯನ ವಿಭಾಗದಲ್ಲಿ ಸೇರದೇ ನಡೆಯುವ ತರಗತಿಗಳಿದ್ದವು. ಉಪನ್ಯಾಸವಿಲ್ಲ, ಹಾಜರಾತಿಯಿಲ್ಲ, ಕೊನೆಗೊಂದು ಪ್ರಬಂಧ ಕೊಟ್ಟರೆ ಸಾಕು. ಪ್ರಬಂಧಗಳಿಗೆ ಅಂಕ ಕೊಡುತ್ತಿದ್ದವರಲ್ಲಿ ಮುಖ್ಯರು ವಿಭಾಗದ ಕಚೇರಿ ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯೊಬ್ಬರು, ಅಧ್ಯಾಪಕರಲ್ಲ. ಈ ಹಗರಣದ ತನಿಖೆ ನಡೆಸಿದ 2014ರ ವೈನ್‌ಸ್ಟೈನ್ ವರದಿಯ ಪ್ರಕಾರ ಇಂಥ ತರಗತಿಗಳಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೆಸರು ಹಚ್ಚಿದ್ದರು. ಒಟ್ಟು ವಿದ್ಯಾರ್ಥಿಗಳಲ್ಲಿ ಶೇಕಡಾ 5ರ ಆಸುಪಾಸಿನಲ್ಲಿರುವ ಕ್ರೀಡಾಪಟುಗಳು ಈ ದಾಖಲಾತಿಗಳಲ್ಲಿ ಅರ್ಧದಷ್ಟಿದ್ದರು.

2017ರಲ್ಲಿ ಎನ್‌ಸಿಎಎ ಸಮಿತಿ ತೀರ್ಪು ಕೊಟ್ಟಿತು. ಈ ತರಗತಿಗಳು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು, ಆದ್ದರಿಂದ ಕ್ರೀಡಾಪಟುಗಳಿಗೆ ವಿಶೇಷ ಲಾಭ ಕೊಟ್ಟಂತೆ ಸಾಬೀತಾಗುವುದಿಲ್ಲ ಎಂಬುದು ಅದರ ಸಾರ. ವಿಶ್ವವಿದ್ಯಾಲಯಕ್ಕೆ ದೊಡ್ಡ ಶಿಕ್ಷೆಯಾಗಲಿಲ್ಲ. ಆಟಗಾರನಿಗೆ ಪುಕ್ಕಟೆ ಊಟ ಹಾಕಿಸಿದರೆ ತನಿಖೆ ನಡೆಸುವ ಸಂಸ್ಥೆಗೆ ಹದಿನೆಂಟು ವರ್ಷ ಪಾಠವೇ ಇಲ್ಲದೆ ಅಂಕ ಕೊಟ್ಟದ್ದನ್ನು ಹಿಡಿಯಲು ನಿಯಮವಿರಲಿಲ್ಲ. ಕ್ರೀಡೆಯ ಆಡಳಿತವನ್ನು ಶಿಕ್ಷಣದ ಆಡಳಿತದಿಂದ ಬೇರ್ಪಡಿಸಿದ್ದರ ಫಲ ಇದು. ಪಾಠದ ಗುಣಮಟ್ಟ ತನ್ನ ವ್ಯಾಪ್ತಿಯಲ್ಲ ಎಂದು ಸಂಘ ಹೇಳಿದ್ದು ಅದರ ದೃಷ್ಟಿಯಿಂದ ನ್ಯಾಯವೇ ಇರಬಹುದು. ವ್ಯಾಪ್ತಿ ಇದ್ದದ್ದು ಅಧ್ಯಾಪಕ ಮಂಡಳಿಗೆ. ಅದು ಅಷ್ಟು ವರ್ಷ ನೋಡಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಇನ್ನೊಂದನ್ನೂ ಹೇಳಬೇಕು. ಕರಿಯ ಜನರ ಚರಿತ್ರೆಯನ್ನು ವಿಶ್ವವಿದ್ಯಾಲಯಗಳಲ್ಲಿ ಓದಿಸಲು ಒಂದು ತಲೆಮಾರು ಹೋರಾಡಿತ್ತು. ಆ ವಿಭಾಗದ ಹೆಸರನ್ನೇ ಹೀಗೆ ಬಳಸಿಕೊಂಡದ್ದರಿಂದ ಮೋಸಹೋದವರಲ್ಲಿ ಬಹಳಷ್ಟು ಕರಿಯ ವಿದ್ಯಾರ್ಥಿಗಳೂ ಇದ್ದರು.

ಹಣವಿಲ್ಲದ ಕಡೆಯೂ

ಇಷ್ಟು ಓದಿದವರು ದೊಡ್ಡ ಕ್ರೀಡಾಂಗಣ, ದೂರದರ್ಶನದ ಒಪ್ಪಂದ ಇರುವಲ್ಲಿ ಮಾತ್ರ ಈ ತೊಂದರೆ ಎಂದುಕೊಳ್ಳಬಹುದು. ವಿಲಿಯಂ ಬೋವೆನ್ ಮತ್ತು ಜೇಮ್ಸ್ ಶುಲ್ಮನ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಆ ಸಮಾಧಾನವನ್ನು ಕಸಿದುಕೊಳ್ಳುತ್ತದೆ. ಪ್ರವೇಶ ಕಠಿಣವಾದ 30 ವಿದ್ಯಾಸಂಸ್ಥೆಗಳಿಗೆ 1951, 1976 ಮತ್ತು 1989ರಲ್ಲಿ ಸೇರಿದ ವಿದ್ಯಾರ್ಥಿಗಳನ್ನು ಅವರು ಹೋಲಿಸಿದರು. 1951ರ ಆಟಗಾರರು ಓದಿನಲ್ಲಿ ಸಹಪಾಠಿಗಳಿಗೆ ಸರಿಸಮವಾಗಿದ್ದರು. 1989ರ ಹೊತ್ತಿಗೆ ಗಂಡುಮಕ್ಕಳಲ್ಲೂ ಹೆಣ್ಣುಮಕ್ಕಳಲ್ಲೂ ಆಟಗಾರರು ಹಿಂದೆ ಬಿದ್ದಿದ್ದರು. ಬರಿಯ ಹಿಂದೆ ಬಿದ್ದದ್ದಷ್ಟೇ ಅಲ್ಲ, ಪ್ರವೇಶದ ಹೊತ್ತಿನ ಅವರ ಅಂಕಗಳು ಸೂಚಿಸಿದ್ದಕ್ಕಿಂತಲೂ ಕಡಿಮೆ ಸಾಧಿಸಿದ್ದರು. ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಸಣ್ಣ ಕಾಲೇಜುಗಳಲ್ಲೂ ಇದು ಕಂಡಿತು. ಅಲ್ಲಿ ಒಟ್ಟು ವಿದ್ಯಾರ್ಥಿಗಳು ಎರಡು ಸಾವಿರದಷ್ಟಿದ್ದು, ಆಟಗಾರರ ಪಾಲು ದೊಡ್ಡ ವಿಶ್ವವಿದ್ಯಾಲಯಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಪರಿಣಾಮ ಇಡೀ ಕಾಲೇಜಿನ ಮೇಲೆ ಬೀಳುತ್ತದೆ.

ಮೂರನೇ ವಿಭಾಗವನ್ನು ನಾನು ಮೇಲೆ ಹೊಗಳಿದೆ. ಆ ಹೊಗಳಿಕೆಗೆ ಇದೊಂದು ಮಿತಿ. ಹಣ ಇಲ್ಲದಿದ್ದರೂ ತರಬೇತುದಾರರು ಪ್ರೌಢಶಾಲೆಯಿಂದಲೇ ಆಟಗಾರರನ್ನು ಗುರುತಿಸಿ ಪ್ರವೇಶ ಕಚೇರಿಗೆ ಪಟ್ಟಿ ಕಳಿಸುತ್ತಾರೆ. ವರ್ಷವಿಡೀ ಒಂದೇ ಆಟದ ಅಭ್ಯಾಸ ರೂಢಿಯಾಗಿದೆ. 1951ರ ಹುಡುಗ ಚಳಿಗಾಲದಲ್ಲಿ ಬೇರೆ ಆಟ ಆಡುತ್ತಿದ್ದ, ಇಲ್ಲವೇ ನಾಟಕ ಆಡುತ್ತಿದ್ದ. ಐವತ್ತು ವರ್ಷದಲ್ಲಿ ಬದಲಾದದ್ದು ಆಟಕ್ಕೆ ಸಲ್ಲುವ ಕಾಲದ ಹರಹು.

ಹೆಣ್ಣುಮಕ್ಕಳ ಪಾಲು

ಕ್ರೀಡೆ ಶಿಕ್ಷಣವೇ ಎಂಬ ಮಾತಿಗೆ ಕಾನೂನಿನ ಬಲ ಬಂದದ್ದು ಹೆಣ್ಣುಮಕ್ಕಳ ಕಾರಣದಿಂದ. 1972ರ ಟೈಟಲ್ ನೈನ್ ಎಂಬ ಕಾಯಿದೆ, ಕೇಂದ್ರದ ಹಣ ಪಡೆಯುವ ಯಾವುದೇ ಶೈಕ್ಷಣಿಕ ಕಾರ್ಯಕ್ರಮದಲ್ಲಿ ಲಿಂಗಭೇದ ಸಲ್ಲದು ಎಂದಿತು. ಆಟ ಈ ಕಾಯಿದೆಯ ವ್ಯಾಪ್ತಿಗೆ ಬರಬಾರದೆಂದು ಎನ್‌ಸಿಎಎ ಹೋರಾಡಿತು, ಸೋತಿತು. ಆಗ ಕಾಲೇಜು ತಂಡಗಳಲ್ಲಿ ಆಡುತ್ತಿದ್ದ ಹೆಣ್ಣುಮಕ್ಕಳು ಸುಮಾರು 30,000; ಈಗ ಅವರ ಸಂಖ್ಯೆ 2 ಲಕ್ಷ ದಾಟಿದೆ. ಈ ಬೆಳವಣಿಗೆಯಷ್ಟು ನೇರವಾಗಿ ಶಿಕ್ಷಣದ ಗುರಿಗೆ ಸಂದ ಕೊಡುಗೆ ಕಾಲೇಜು ಕ್ರೀಡೆಯ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಇದರ ನಡುವೆ ಕಳೆದುಹೋದದ್ದೂ ಒಂದಿದೆ. 1971ರಲ್ಲಿ ಮಹಿಳಾ ದೈಹಿಕ ಶಿಕ್ಷಕಿಯರು ಎಐಎಡಬ್ಲ್ಯು ಎಂಬ ತಮ್ಮದೇ ಸಂಘ ಕಟ್ಟಿದ್ದರು. ಗಂಡಸರ ಕ್ರೀಡೆಯ ಸ್ಥಿತಿ ನೋಡಿಯೇ ಅವರು ಆರಂಭದಲ್ಲಿ ಕ್ರೀಡಾ ವಿದ್ಯಾರ್ಥಿವೇತನವನ್ನು ನಿಷೇಧಿಸಿದ್ದರು, ಆಟಗಾರ್ತಿಯರನ್ನು ಸೆಳೆಯಲು ತರಬೇತುದಾರರು ಊರೂರು ಸುತ್ತುವುದಕ್ಕೆ ಕಡಿವಾಣ ಹಾಕಿದ್ದರು. 1973ರಲ್ಲಿ ಫ್ಲೋರಿಡಾದ ಟೆನಿಸ್ ಆಟಗಾರ್ತಿಯರು ಹುಡುಗರಿಗಿರುವ ವೇತನ ನಮಗೇಕಿಲ್ಲ ಎಂದು ಕೋರ್ಟಿಗೆ ಹೋದಾಗ ನಿಷೇಧ ಉಳಿಯಲಿಲ್ಲ. ಆ ಹುಡುಗಿಯರು ಕೇಳಿದ್ದು ನ್ಯಾಯವಾಗಿತ್ತು. ಶಿಕ್ಷಕಿಯರ ಕಾಳಜಿಯೂ ನ್ಯಾಯವಾಗಿತ್ತು. ಸಮಾನತೆಯ ಅಳತೆ ಗಂಡಸರ ಕ್ರೀಡೆಯೇ ಆದದ್ದರಿಂದ ಶಿಕ್ಷಕಿಯರು ಕಟ್ಟಿದ ಮಾದರಿ ಸೋತಿತು. ಹತ್ತೇ ವರ್ಷದಲ್ಲಿ ಎನ್‌ಸಿಎಎ ಮಹಿಳಾ ಚಾಂಪಿಯನ್‌ಷಿಪ್‌ಗಳನ್ನು ತಾನೇ ನಡೆಸತೊಡಗಿ, ಆ ಸಂಘ ಮುಚ್ಚಿಹೋಯಿತು.

ಮೈದಾನದಿಂದ ಮದ್ರಾಸಿಗೆ

ಅಮೆರಿಕದಲ್ಲೇ ಇನ್ನೊಂದು ಧಾರೆಯೂ ಇತ್ತು. ಮೆಸಾಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ರೂಪಿಸಿದರು. ಹಿಮ ಬೀಳುವ ತಿಂಗಳುಗಳಲ್ಲಿ ತರಗತಿಯ ಎಲ್ಲರೂ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕಾಗಿತ್ತು. ಪ್ರೇಕ್ಷಕರ ಚಿಂತೆ ಅಲ್ಲಿರಲಿಲ್ಲ. ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜೊತೆಗೂ ಅವರಿದ್ದರು. ದೈಹಿಕ ಶಿಕ್ಷಣ ಕಲಿಸಬೇಕಾದ ವಿದ್ಯೆ, ಅದಕ್ಕೆ ತರಬೇತಾದ ಅಧ್ಯಾಪಕ ಬೇಕು ಎಂಬ ಯೋಚನೆ ದಕ್ಷಿಣ ಭಾರತದ ಶಾಲೆ ಕಾಲೇಜುಗಳಲ್ಲಿ ಬೇರೂರಿದ್ದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಇಂದು ಕರ್ನಾಟಕದ ಪದವಿ ಕಾಲೇಜುಗಳಲ್ಲಿರುವ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಯುಜಿಸಿ ಅಧ್ಯಾಪಕರಿಗೆ ಸಮನಾದ ವೇತನಶ್ರೇಣಿ ನಿಗದಿ ಮಾಡಿದೆ. ಹಾರ್ಪರ್ ಷಿಕಾಗೊದಲ್ಲಿ ಕಂಡ ಕನಸು ಇಲ್ಲಿ ಸದ್ದಿಲ್ಲದೆ ನಿಯಮವಾಗಿದೆ. ಹುದ್ದೆಯಿದ್ದೂ ಮೈದಾನವಿಲ್ಲದ ಕಾಲೇಜುಗಳು ನಮ್ಮ ನಗರಗಳಲ್ಲಿರುವುದು ಬೇರೆಯೇ ಸಂಕಟ.

ಅಮೆರಿಕದಲ್ಲಿ ಈ ಧಾರೆಯನ್ನು ಇತ್ತೀಚೆಗೆ ಗಟ್ಟಿಯಾಗಿ ಎತ್ತಿಹಿಡಿದದ್ದು ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜು. ಕರಿಯ ಹೆಣ್ಣುಮಕ್ಕಳಿಗಾಗಿ ಇರುವ ಈ ಕಾಲೇಜಿನಲ್ಲಿ ಸುಮಾರು 2,100 ವಿದ್ಯಾರ್ಥಿನಿಯರಿದ್ದರು. ಅಂತರಕಾಲೇಜು ತಂಡಗಳಲ್ಲಿ ಆಡುತ್ತಿದ್ದವರು 80ರಷ್ಟು ಮಂದಿ. ಅವರಿಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ಹತ್ತಿರ ಖರ್ಚಾಗುತ್ತಿತ್ತು. ಕರಿಯ ಮಹಿಳೆಯರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೆಚ್ಚಿರುವಾಗ ಈ ಹಣ ಎಲ್ಲ ವಿದ್ಯಾರ್ಥಿನಿಯರ ಆರೋಗ್ಯಕ್ಕೆ ಸಲ್ಲಬೇಕೆಂದು ಅಧ್ಯಕ್ಷೆ ಬೆವರ್ಲಿ ಡೇನಿಯಲ್ ಟೇಟಮ್ ವಾದಿಸಿದರು. 2012ರಲ್ಲಿ ನಿರ್ಧಾರ ಪ್ರಕಟವಾಗಿ, ಮರುವರ್ಷ ತಂಡಗಳು ನಿಂತವು. ವ್ಯಾಯಾಮ, ಈಜು, ಯೋಗ, ಓಟ ಎಲ್ಲರಿಗೂ ತೆರೆದವು. ಈ ನಿರ್ಧಾರವನ್ನು ನಾನು ಮೆಚ್ಚುತ್ತೇನೆ. ಆದರೂ ತಂಡದಲ್ಲಿ ಆಡುವುದು ಕಲಿಸುವ ಕೆಲವು ಸಂಗತಿಗಳು ಟ್ರೆಡ್‌ಮಿಲ್ ಮೇಲೆ ಸಿಗುವುದಿಲ್ಲ. ಸೋತ ಮರುದಿನ ಅದೇ ಹತ್ತು ಜನರೊಂದಿಗೆ ಅಭ್ಯಾಸಕ್ಕೆ ಇಳಿಯುವುದು ಒಂದು ವಿದ್ಯೆ. ಆ 80 ಮಂದಿ ಅದನ್ನು ಕಳೆದುಕೊಂಡರು.

ಫ್ಯಾಕಲ್ಟಿ ಪ್ರತಿನಿಧಿಗಳು

ದೊಡ್ಡ ವಿಶ್ವವಿದ್ಯಾಲಯಗಳು ಮಾತ್ರ ಎದುರು ದಿಕ್ಕಿನಲ್ಲಿ ನಡೆದಿವೆ. 1984ರಲ್ಲಿ ಪ್ರಸಾರ ಹಕ್ಕಿನ ಮೇಲೆ ಎನ್‌ಸಿಎಎಗಿದ್ದ ಹಿಡಿತವನ್ನು ಸುಪ್ರೀಂ ಕೋರ್ಟ್ ಸಡಿಲಿಸಿತು. 2021ರಲ್ಲಿ ಅದೇ ಕೋರ್ಟ್ ಒಮ್ಮತದಿಂದ, ಆಟಗಾರರಿಗೆ ಓದಿಗೆ ಸಂಬಂಧಿಸಿದ ನೆರವನ್ನು ಮಿತಗೊಳಿಸುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ರಾಜಿ ಪ್ರಕಾರ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ, ಮೊದಲ ವರ್ಷದಲ್ಲಿ ಒಟ್ಟು 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ದುಡಿದವರಿಗೆ ಕೂಲಿ ಸಿಗುವುದು ನ್ಯಾಯ, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕೂಲಿ ಕೊಟ್ಟವನು ಗಂಟೆಗಳನ್ನೂ ಕೇಳುತ್ತಾನೆ.

1896ರಲ್ಲಿ ಷಿಕಾಗೊ ಸೇರಿದಂತೆ ಏಳು ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಒಕ್ಕೂಟವನ್ನು ಜನ ಬಿಗ್ ಟೆನ್ ಎಂದು ಕರೆದರೂ ಬಹುಕಾಲ ಅದರ ವಿಧ್ಯುಕ್ತ ಹೆಸರಿನಲ್ಲಿ ಅಧ್ಯಾಪಕ ಪ್ರತಿನಿಧಿಗಳ ಸಮ್ಮೇಳನ ಎಂಬ ಮಾತಿತ್ತು. 2022ರಲ್ಲಿ ಆ ಒಕ್ಕೂಟ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಪ್ರಸಾರ ಒಪ್ಪಂದ ಮಾಡಿಕೊಂಡಿತು. 2024ರಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಅದರ ಸದಸ್ಯ. ನ್ಯೂ ಜೆರ್ಸಿಯ ರಟ್ಗರ್ಸ್ ಕೂಡ ಸದಸ್ಯ. ನಡುವೆ ಮೂರು ಗಂಟೆಗಳ ಕಾಲವ್ಯತ್ಯಾಸ. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ಆಡುತ್ತದೆ, ಹೆಚ್ಚಾಗಿ ಶನಿವಾರ. ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರು ವಾರದ ನಡುವೆಯೂ ಹೋಗಬೇಕು, ಹಣ ತರುವ ಆಟ ತಮ್ಮದಲ್ಲದಿದ್ದರೂ. ಯುಸಿಎಲ್‌ಎ ಸೇರಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2022ರ ಡಿಸೆಂಬರ್‌ನಲ್ಲಿ ಈ ಬದಲಾವಣೆಗೆ ಒಪ್ಪಿಗೆ ಕೊಡುವಾಗ ಆಟಗಾರರ ಊಟ, ಪ್ರಯಾಣ ಮತ್ತು ಓದಿನ ನೆರವಿಗೆ ಹೆಚ್ಚು ಹಣ ಎತ್ತಿಡಬೇಕೆಂಬ ಷರತ್ತು ಹಾಕಿತು.

ಆ ಷರತ್ತಿನ ಜೊತೆಗೆ ಇನ್ನೊಂದನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಪ್ರತಿ ತಂಡದ ಆಟಗಾರರು ಒಂದು ಸೆಮಿಸ್ಟರಿನಲ್ಲಿ ಎಷ್ಟು ತರಗತಿ ತಪ್ಪಿಸಿದರು, ಎಷ್ಟು ಮಂದಿ ವೇಳೆಯ ಕಾರಣಕ್ಕೆ ಓದುವ ವಿಷಯ ಬದಲಿಸಿದರು ಎಂಬುದನ್ನು ವಿಶ್ವವಿದ್ಯಾಲಯ ಲೆಕ್ಕವಿಟ್ಟು ಪ್ರಕಟಿಸಬೇಕು. ಮುಂದಿನ ಋತುವಿನ ಪಂದ್ಯಪಟ್ಟಿ ಪ್ರಸಾರ ಸಂಸ್ಥೆಯ ಕೈಸೇರುವ ಮುನ್ನ, ಆ ಲೆಕ್ಕದೊಂದಿಗೆ ಅಧ್ಯಾಪಕರ ಸೆನೆಟ್ಟಿನ ಮುಂದೆ ಬಂದು ಅಲ್ಲಿ ಒಪ್ಪಿಗೆ ಪಡೆಯಬೇಕು.